ಗೋಕಾಕದ ಹುಡುಗ ಹೊಡೆಯಲೇ ಇಲ್ಲ: ನಮ್ಮ ಫೈಟಿಂಗ್ ಗೇಮಿನ ಪ್ಯಾರಿ ಪ್ರಕರಣ

ಮೊದಲ ಭಾನುವಾರದ ಫೈನಲ್‌ನ ಕೊನೇ ರೌಂಡಿನಲ್ಲಿ ಬಿದ್ದ ಏಟು ಒಟ್ಟು ನಾಲ್ಕು. ರೌಂಡು 60 ಸೆಕೆಂಡಿನದು. ಇದು ಫೈಟಿಂಗ್ ಗೇಮ್, ಚೆಸ್ ಅಲ್ಲ. ಹಿಂದೆ ಕೂತವನೊಬ್ಬ ಫೋನ್ ತೆಗೆದು ರೀಲ್ಸ್ ನೋಡೋಕೆ ಶುರು ಮಾಡಿದ, ಇನ್ನೊಬ್ಬ ಮಿರ್ಚಿ ತರ್ತೀನಿ ಅಂತ ಎದ್ದು ಹೋದ. ಗಡಿಯಾರ ಸೊನ್ನೆಗೆ ಬಂತು, ಒಬ್ಬ ಗೆದ್ದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಗೆದ್ದವನಿಗೂ ಖುಷಿಯಾದಂತೆ ಕಾಣಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಮಾಮಾನದು ಲೇತ್ ವರ್ಕ್‌ಶಾಪ್ ಇದೆ. ಮೇಲಿನ ರೂಮು ಖಾಲಿ ಇತ್ತು. ನಾನೂ ನನ್ನ ಗೆಳೆಯನೂ ಕೆಲಸ ಮುಗಿಸಿ ಬಂದು, ರಾತ್ರಿ ಅಲ್ಲೇ ಕೂತು, ಗೋಡೋ ಎಂಜಿನ್‌ನಲ್ಲಿ ಇಬ್ಬರು ಆಡುವ ಒಂದು ಫೈಟಿಂಗ್ ಗೇಮ್ ಕಟ್ಟುತ್ತಿದ್ದೇವೆ. ನಾಲ್ಕು ಪಾತ್ರ: ಪೈಲ್ವಾನ, ಕಬಡ್ಡಿ ಆಟಗಾರ, ಕವಣೆ ಬೀಸುವ ಹುಡುಗಿ, ಮತ್ತೆ ಲಾಠಿ ಅಜ್ಜ. ಎಲ್ಲರಿಗೂ 1000 ಲೈಫು. ಸೆಕೆಂಡಿಗೆ 60 ಫ್ರೇಮು, ಅಂದರೆ ಸ್ಕ್ರೀನಿನ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಟೆಸ್ಟ್ ಮಾಡೋಕೆ ಹತ್ತಿರದ ಇಂಜಿನಿಯರಿಂಗ್ ಹುಡುಗರು ಎಂಟು ಜನ ಭಾನುವಾರ ಬರುತ್ತಾರೆ. ಒಬ್ಬೊಬ್ಬರೂ ಉಳಿದ ಏಳು ಜನರ ಜೊತೆ ಆಡುತ್ತಾರೆ, ಒಟ್ಟು 28 ಮ್ಯಾಚು, ಆಮೇಲೆ ಮೊದಲ ಇಬ್ಬರ ನಡುವೆ ಫೈನಲ್. ಆವತ್ತಿನ 28ರಲ್ಲಿ 19 ಮ್ಯಾಚುಗಳಲ್ಲಿ ಕನಿಷ್ಠ ಒಂದು ರೌಂಡಾದರೂ ಗಡಿಯಾರದಿಂದ ಮುಗಿದಿತ್ತು.

ಇದಕ್ಕೆಲ್ಲ ಕಾರಣ ನಾವೇ ಪ್ರೀತಿಯಿಂದ ಮಾಡಿದ ಪ್ಯಾರಿ. ಎದುರಿನವನ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಒಂದು ಬಟನ್ ಒತ್ತಿದರೆ ಏಟು ವ್ಯರ್ಥ, ಹೊಡೆದವನು 30 ಫ್ರೇಮು ಅಂದರೆ ಅರ್ಧ ಸೆಕೆಂಡು ಕಲ್ಲಾಗಿ ನಿಲ್ಲುತ್ತಾನೆ, ತಡೆದವನು ತನಗೆ ಬೇಕಾದ ಕಾಂಬೊ, ಅಂದರೆ ಒಂದರ ಹಿಂದೊಂದು ಏಟಿನ ಸರಣಿ, ಹೊಡೆದುಕೊಳ್ಳಬಹುದು. ಸುಮಾರು 280 ಡ್ಯಾಮೇಜ್. ಅಂದರೆ ನಾಲ್ಕು ಸಲ ಸರಿಯಾಗಿ ತಡೆದರೆ ಆಟ ಮುಗೀತು.

ಇಷ್ಟು ದೊಡ್ಡ ಬಹುಮಾನ ಯಾಕೆ ಕೊಟ್ಟಿರಿ ಅಂತ ಕೇಳಿದರೆ, ಉತ್ತರ 2004ರ ಆ ವಿಡಿಯೊ. ಇವೋ ಅನ್ನೋ ಫೈಟಿಂಗ್ ಗೇಮ್ ಟೂರ್ನಮೆಂಟು, ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ಆಟಗಾರ ಡೈಗೊ ಉಮೆಹಾರಾನ ಪಾತ್ರ ಕೆನ್‌ಗೆ ಉಳಿದಿದ್ದು ಕೂದಲೆಳೆಯಷ್ಟು ಲೈಫು, ಸುಮ್ಮನೆ ಬ್ಲಾಕ್ ಮಾಡಿದರೂ, ಅಂದರೆ ಕೈ ಅಡ್ಡ ಹಿಡಿದು ತಡೆದರೂ, ಸೋರುವ ಡ್ಯಾಮೇಜಿಗೇ ಸಾಯುತ್ತಿದ್ದ. ಎದುರಾಳಿ ಜಸ್ಟಿನ್ ವಾಂಗ್ ತನ್ನ ಪಾತ್ರ ಚುನ್-ಲೀಯ ಸೂಪರ್, ಅಂದರೆ ಅವಳ ಅತಿ ದೊಡ್ಡ ದಾಳಿ, ಬಿಟ್ಟ. ಹದಿನೈದು ಒದೆತ. ಹದಿನೈದನ್ನೂ ಡೈಗೊ ಒಂದೊಂದಾಗಿ ಪ್ಯಾರಿ ಮಾಡಿ, ಕೊನೆಯದನ್ನು ಗಾಳಿಯಲ್ಲಿ ತಡೆದು, ತಿರುಗಿ ಹೊಡೆದು ಗೆದ್ದ. ಜನ ಕುರ್ಚಿ ಬಿಟ್ಟು ಎದ್ದು ಕಿರುಚಿದರು. ನಾವು ಅದನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕ ಇಟ್ಟಿಲ್ಲ. ನಮ್ಮ ಗೇಮಿನಲ್ಲೂ ಅಂಥ ಕ್ಷಣ ಬರಲಿ ಅಂತ ಆಸೆ. ಬಂದಿದ್ದು ಮಾತ್ರ ರೀಲ್ಸ್ ನೋಡುವ ಹುಡುಗ.

ಆವತ್ತು ಗೆದ್ದವನು ಗೋಕಾಕದವನು, ಸೆಕೆಂಡ್ ಇಯರ್. ಮಾತು ಕಮ್ಮಿ. ಅವನು ಹೊಡೆಯುವುದೇ ಇಲ್ಲ. ನಿಲ್ಲುತ್ತಾನೆ, ಪ್ಯಾರಿ ಒತ್ತುತ್ತಾನೆ, ಮತ್ತೆ ಒತ್ತುತ್ತಾನೆ.

ರಾತ್ರಿ ಕೂತು ಎಕ್ಸೆಲ್ ತೆಗೆದೆ. ಒಮ್ಮೆ ಒತ್ತಿದರೆ ಪ್ಯಾರಿ 12 ಫ್ರೇಮು ಜೀವಂತ, ಆಮೇಲೆ 8 ಫ್ರೇಮು ಖಾಲಿ. 20 ಫ್ರೇಮಿನ ಒಂದು ಸುತ್ತು. ತಲೆ ಕೆಡಿಸಿಕೊಳ್ಳದೆ ಬಟನ್ ಕುಟ್ಟುತ್ತಾ ನಿಂತರೂ ನೂರಕ್ಕೆ 60 ಹೊತ್ತು ಅವನು ಸುರಕ್ಷಿತ. ಅವನ ಮೇಲೆ ದೊಡ್ಡ ಏಟು ಬೀಸುವವನ ಕಡೆಯಿಂದ ನೋಡಿ: ತಾಗಿದರೆ 90 ಸಿಗುತ್ತದೆ, ತಾಗುವ ಸಾಧ್ಯತೆ 40. ತಡೆದರೆ 280 ಹೋಗುತ್ತದೆ, ಸಾಧ್ಯತೆ 60. ಸರಾಸರಿ ತೆಗೆದರೆ ಪ್ರತಿ ಏಟಿಗೆ 132 ನಷ್ಟ. ಯಾವ ವ್ಯಾಪಾರಿ ಇಂಥ ವ್ಯವಹಾರಕ್ಕೆ ಕೈ ಹಾಕುತ್ತಾನೆ? ಇಬ್ಬರೂ ಹೊಡೆಯದೆ ನಿಂತಿದ್ದು ಹೇಡಿತನ ಅಲ್ಲ, ಹುಡುಗರ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮದು ತಪ್ಪಿತ್ತು.

ನನ್ನ ಗೆಳೆಯ ಪ್ಯಾರಿಯನ್ನೇ ಕಿತ್ತುಹಾಕೋಣ ಅಂದ. ನಾನು ಒಪ್ಪಲಿಲ್ಲ. ಎಲ್ಲರೂ ಮೊದಲು ಮಾಡುವುದನ್ನೇ ಮಾಡಿದೆ, ಪ್ಯಾರಿ ಜೀವಂತ ಇರುವ ಕಿಟಕಿ ಕಿರಿದು ಮಾಡಿದೆ. 12 ಇದ್ದದ್ದನ್ನು 4 ಫ್ರೇಮಿಗೆ ಇಳಿಸಿದೆ. ಈಗ 12 ಫ್ರೇಮಿನ ಸುತ್ತಿನಲ್ಲಿ 4 ಮಾತ್ರ ಜೀವಂತ, ಏಟಿನ ನಷ್ಟ 33ಕ್ಕೆ ಇಳಿಯಿತು. ಎಕ್ಸೆಲ್ ಶೀಟು ಚಂದ ಕಂಡಿತು. ಪರವಾಗಿಲ್ಲ, ಇನ್ನು ಹುಡುಗರು ಹೊಡೆದಾಡ್ತಾರೆ ಅಂತ ನಿದ್ದೆ ಮಾಡಿದೆ.

ಎರಡನೇ ಭಾನುವಾರ ಆಗಿದ್ದೇ ಬೇರೆ. ಹೊಸದಾಗಿ ಕಲಿಯುತ್ತಿದ್ದ ಮೂವರು ಪ್ಯಾರಿಯನ್ನು ಪೂರ್ತಿ ಬಿಟ್ಟರು, ಅವರಿಗೆ ಒಂದೂ ಬೀಳುತ್ತಿರಲಿಲ್ಲ. ಗೋಕಾಕದವನು ಮಾತ್ರ ಹೋದ ವಾರದ ಹಾಗೇ ನಿಂತಿದ್ದ. ಅವನನ್ನು ಕಟ್ಟಿಹಾಕೋಕೆ ಹೋಗಿ, ಉಳಿದವರ ಕೈ ಕಟ್ಟಿದ್ದೆ.

ಆದರೆ ಲೆಕ್ಕ ಯಾಕೆ ತಪ್ಪಿತು? 33 ನಷ್ಟ ಅಂದರೆ ಅಲ್ಲೊಂದು ಇಲ್ಲೊಂದು ಏಟಾದರೂ ಅವನಿಗೆ ಬೀಳಬೇಕಿತ್ತು. ಒಂದೂ ಬೀಳುತ್ತಿರಲಿಲ್ಲ. ಸ್ಕ್ರೀನ್ ನೋಡಿ ನೋಡಿ ಸಾಕಾಗಿ, ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತು ಅವನ ಕೈ ನೋಡತೊಡಗಿದೆ. ಬಲ ಹೆಬ್ಬೆರಳು ಪ್ಯಾರಿ ಬಟನ್ ಮೇಲೆ ತಬಲಾ ಬಾರಿಸಿದ ಹಾಗೆ ಆಡುತ್ತಿತ್ತು. ಎಡ ಹೆಬ್ಬೆರಳು ಅಲುಗಾಡುತ್ತಲೇ ಇರಲಿಲ್ಲ. ಸ್ಟಿಕ್ಕನ್ನು ಹಿಂದಕ್ಕೆ ಒತ್ತಿ ಹಿಡಿದಿದ್ದ, ಉಗುರು ಬೆಳ್ಳಗಾಗುವಷ್ಟು.

ಹಿಂದಕ್ಕೆ ಅಂದರೆ ಬ್ಲಾಕ್. ನಮ್ಮ ಕೋಡಿನಲ್ಲಿ ಪ್ಯಾರಿಯ ಖಾಲಿ ಹೊತ್ತಿನಲ್ಲೂ ಬ್ಲಾಕ್ ಕೆಲಸ ಮಾಡುತ್ತಿತ್ತು. ಯಾರು, ಯಾವಾಗ, ಯಾಕೆ ಹಾಗೆ ಬರೆದೆವೋ ನೆನಪಿಲ್ಲ, ಬಹುಶಃ ಆಟ ನಯವಾಗಿ ಇರಲಿ ಅಂತ. ಪರಿಣಾಮ: ಪ್ಯಾರಿ ಬಿದ್ದರೆ 280 ಲಾಭ, ತಪ್ಪಿದರೆ ಬ್ಲಾಕ್, ಕಳೆದುಕೊಳ್ಳುವುದು ಏನೂ ಇಲ್ಲ. ನನ್ನ ಶೀಟಿನಲ್ಲಿ ಹೊಡೆದವನ ಖಾತೆಗೆ ಜಮಾ ಮಾಡಿದ್ದ ಆ 90 ಅವನ ಮೈಗೆ ತಾಗುತ್ತಲೇ ಇರಲಿಲ್ಲ! ಕಿಟಕಿ 4 ಇರಲಿ, 1 ಇರಲಿ, ಸುಮ್ನೆ ಒತ್ತುತ್ತಾ ಇರುವುದರಲ್ಲಿ ಅವನಿಗೆ ನಷ್ಟವೇ ಇಲ್ಲ. ಪುಕ್ಕಟೆ ಲಾಟರಿ.

ಆವಾಗ ಥರ್ಡ್ ಸ್ಟ್ರೈಕ್‌ನ ಪ್ಯಾರಿ ಸರಿಯಾಗಿ ಅರ್ಥವಾಯಿತು. ಅಲ್ಲಿ ಅದಕ್ಕೆ ಬೇರೆ ಬಟನ್ ಇಲ್ಲ, ಸ್ಟಿಕ್ಕನ್ನು ಮುಂದಕ್ಕೆ ತಟ್ಟಬೇಕು, ಕೆಳಗಿನ ಏಟಿಗೆ ಕೆಳಕ್ಕೆ. ಬ್ಲಾಕ್ ಇರುವುದು ಹಿಂದಕ್ಕೆ. ಒಂದೇ ಹೆಬ್ಬೆರಳು ಎರಡು ಕಡೆ ಇರೋಕೆ ಆಗಲ್ಲ. ಡೈಗೊ ಹದಿನೈದು ಸಲ ಬ್ಲಾಕ್ ಬಿಟ್ಟು ಏಟಿನ ಕಡೆಗೇ ಸ್ಟಿಕ್ಕು ತಟ್ಟಿದ್ದ, ಒಂದು ಸಲ ತಪ್ಪಿದ್ದರೂ ಆಟ ಮುಗಿದಿತ್ತು. ಜನ ಕಿರುಚಿದ್ದು ಆ ಅಪಾಯಕ್ಕೆ. ನಾವು ವಿಡಿಯೊದಿಂದ ಬಹುಮಾನ ಮಾತ್ರ ಕದ್ದು, ಅಪಾಯವನ್ನು ಅಲ್ಲೇ ಬಿಟ್ಟು ಬಂದಿದ್ದೆವು.

ಹಾಗಾಗಿ ಬುಡದಿಂದ ಮತ್ತೆ ಬರೆದೆವು. ಕಿಟಕಿಯನ್ನು 7 ಫ್ರೇಮಿಗೆ ಏರಿಸಿದೆವು, ಹೊಸಬರಿಗೂ ಸಿಗಲಿ ಅಂತ. ತಪ್ಪಿದರೆ 21 ಫ್ರೇಮು ಖಾಲಿ, ಆ ಹೊತ್ತಿನಲ್ಲಿ ಬ್ಲಾಕ್ ಇಲ್ಲ. 28 ಫ್ರೇಮಿನ ಸುತ್ತಿನಲ್ಲಿ 7, ಅಂದರೆ ಕಾಲು ಭಾಗ. ಆಮೇಲೆ ಬಹುಮಾನಕ್ಕೆ ಕೈ ಹಾಕಿದೆವು. ಇಲ್ಲಿ ಸ್ಟ್ರೀಟ್ ಫೈಟರ್ 6 ಉಪಯೋಗಕ್ಕೆ ಬಂತು. 2023ರಲ್ಲಿ ಬಂದ ಆ ಗೇಮಿನಲ್ಲಿ ಪ್ಯಾರಿ ಬಟನ್ ಒತ್ತಿ ಹಿಡಿಯಬಹುದು, ಏಟು ಸರಿಯಾಗಿ 2 ಫ್ರೇಮಿನೊಳಗೆ ಬಂದರೆ ಅದು ಪರ್ಫೆಕ್ಟ್ ಪ್ಯಾರಿ, ಸ್ಕ್ರೀನ್ ಒಂದು ಕ್ಷಣ ನಿಂತು ಎಲ್ಲರಿಗೂ ಮೈ ಜುಂ ಅನ್ನುತ್ತದೆ, ಆದರೆ ಅದಾದ ಮೇಲೆ ಹೊಡೆಯುವ ಏಟುಗಳ ಡ್ಯಾಮೇಜ್ ಅರ್ಧಕ್ಕೆ ಇಳಿದಿರುತ್ತದೆ. ಜಾಣತನ ಅಲ್ವಾ? ತಡೆದವನಿಗೆ ಮುಖ್ಯವಾಗಿ ಸಿಗಬೇಕಾದ್ದು ಸರದಿ. ಇಷ್ಟು ಹೊತ್ತು ಹೊಡೆಸಿಕೊಳ್ಳುತ್ತಿದ್ದೆ, ಈಗ ನಿನ್ನ ಪಾಳಿ, ಅಷ್ಟೇ. ನಾವೂ 280ನ್ನು 140 ಮಾಡಿದೆವು. ಹೊಸ ಲೆಕ್ಕ: ಕಾಲು ಭಾಗ 140 ಹೋದರೆ 35, ಮುಕ್ಕಾಲು ಭಾಗ 90 ಬಂದರೆ 67 ಚಿಲ್ಲರೆ. ಬಟನ್ ಕುಟ್ಟುವವನ ಮೇಲೆ ಬೀಸಿದ ಪ್ರತಿ ಏಟಿಗೆ ಈಗ ಸುಮಾರು 32 ಲಾಭ. ಕುಟ್ಟದೆ, ಎದುರಿನವನ ಮನಸ್ಸು ಓದಿ ಒತ್ತುವವನಿಗೆ ಈ ಸರಾಸರಿ ಅನ್ವಯ ಆಗಲ್ಲ. ಆಗಬಾರದು ಕೂಡ.

ಥ್ರೋ ಬಗ್ಗೆ ಹೇಳೋಕೆ ನಾಚಿಕೆ ಆಗುತ್ತದೆ. ನಮ್ಮ ಪ್ಯಾರಿ ಥ್ರೋವನ್ನೂ ತಡೆಯುತ್ತಿತ್ತು. ಏಟಿಗೂ ಅದೇ, ಹಿಡಿದು ಒಗೆಯೋದಕ್ಕೂ ಅದೇ, ಎಲ್ಲ ಪ್ರಶ್ನೆಗೂ ಒಂದೇ ಉತ್ತರ. ಮಾಮಾ ಹರೆಯದಲ್ಲಿ ಕುಸ್ತಿ ಹಿಡಿದವನು, ಕಿವಿ ಇನ್ನೂ ಹಿಟ್ಟಿನುಂಡೆ ಥರ ಇದೆ. ಚಹಾ ಕೊಡೋಕೆ ಮೇಲೆ ಬಂದು ಐದು ನಿಮಿಷ ನೋಡಿ, "ಪಟ್ಟಿಗೆ ತೋಡ್ ಇರಬೇಕಲೇ ತಮ್ಮಾ. ತೋಡ್ ಇಲ್ಲಂದ್ರ ಅದು ಕುಸ್ತಿ ಹೆಂಗಾಕೈತಿ?" ಅಂದ. ತೋಡ್ ಅಂದರೆ ಪಟ್ಟು ಬಿಡಿಸುವ ಎದುರುಪಟ್ಟು. ಸ್ಟ್ರೀಟ್ ಫೈಟರ್ 6ನಲ್ಲೂ ಪ್ಯಾರಿ ಹಿಡಿದು ನಿಂತವನನ್ನು ಥ್ರೋ ಮಾಡಿದರೆ ಮಾಮೂಲಿಗಿಂತ ಜಾಸ್ತಿ ಡ್ಯಾಮೇಜ್ ಬೀಳುತ್ತದೆ. ನಾವೂ ಹಾಗೇ ಮಾಡಿದೆವು. ಹತ್ತು ನಿಮಿಷದ ಕೆಲಸ.

ಮೂರನೇ ಭಾನುವಾರ ಧೈರ್ಯದಿಂದ ಕೂತೆ. ಮೊದಲ ಅರ್ಧ ಗಂಟೆ ನಿಜಕ್ಕೂ ಚಂದ ಇತ್ತು. ಕೂಗಾಟ, ಬೈದಾಟ, ಪೈಲ್ವಾನನ ಥ್ರೋಗೆ ನಗು. ಆಮೇಲೆ ಗೋಕಾಕದವನ ಪಾಳಿ ಬಂತು. ಅವನು ಶುರುವಿನಲ್ಲೇ ಒಂದು ಏಟು ಹಾಕಿದ, ಲೈಫಿನಲ್ಲಿ ಮುಂದಾದ, ಹಿಂದೆ ಸರಿದ. ಮತ್ತೆ ನಿಂತ. ಥ್ರೋ ಮಾಡಬೇಕೆಂದರೆ ಹತ್ತಿರ ಬರಬೇಕು, ಹತ್ತಿರ ಬಂದರೆ ಅವನು ಹಿಂದೆ ನಡೆಯುತ್ತಾನೆ. ಪ್ಯಾರಿಯನ್ನು ಈಗ ಮಿತವಾಗಿ, ಸರಿಯಾದ ಹೊತ್ತಿಗೆ ಒತ್ತುತ್ತಿದ್ದ. ಮತ್ತೆ ಗಡಿಯಾರ.

"ಮುಂದ ಯಾಕ ಹೋಗಂಗಿಲ್ಲೋ?" ಅಂತ ನೇರವಾಗಿ ಕೇಳಿದೆ.

"ಮುಂದ ಹ್ವಾದ್ರ ನನಗೇನ್ ಸಿಗ್ತೈತಿ ಅಣ್ಣಾ? ಸೋಲಾಕತ್ತಾಂವ ಅಂವ. ಬೇಕಂದ್ರ ಅಂವ ಬರ್ಲಿ."

ಮಾಮಾ ಹಿಂದಿನಿಂದ, "ಇವ್ರು ಕುಸ್ತಿ ಹಿಡ್ಯಾಕತ್ತಾರೋ, ಬಸ್ಸಿಗೆ ಕಾಯಾಕತ್ತಾರೋ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುರ್ ಅಂತು.

ಹುಡುಗನ ಮಾತಿನಲ್ಲೇ ಪ್ರಕರಣದ ಅರ್ಧ ಇತ್ತು. ಮೂರು ವಾರ ನಾವು ಪ್ಯಾರಿಯನ್ನು ಕುಯ್ದು ನೋಡುತ್ತಿದ್ದೆವು, ಗಡಿಯಾರದ ಕಡೆ ಯಾರೂ ತಿರುಗಿರಲಿಲ್ಲ. ಟೈಮ್ ಮುಗಿದಾಗ ಲೈಫು ಜಾಸ್ತಿ ಇದ್ದವನೇ ಗೆಲ್ಲುತ್ತಾನೆ ಅನ್ನೋ ನಿಯಮ ಇರುವವರೆಗೆ, ಮುಂದಿರುವವನಿಗೆ ಸುಮ್ಮನೆ ನಿಲ್ಲುವುದೇ ಅತಿ ಒಳ್ಳೆಯ ಆಟ. ಪ್ಯಾರಿ ಆ ನಿಲ್ಲುವಿಕೆಗೆ ಕಾವಲು, ಅಷ್ಟೇ. ನಮ್ಮ ಜಾತ್ರೆಗಳ ನಿಕಾಲಿ ಕುಸ್ತಿಯಲ್ಲಿ ಈ ತಾಪತ್ರಯ ಇಲ್ಲ, ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೆ ಆಟ, ತಪ್ಪಿಸಿಕೊಂಡು ತಿರುಗಿದರೆ ಜನರೇ ಸೀಟಿ ಹೊಡೆದು ಮರ್ಯಾದೆ ತೆಗೆಯುತ್ತಾರೆ. ಮ್ಯಾಟ್ ಮೇಲಿನ ಫ್ರೀಸ್ಟೈಲ್‌ನಲ್ಲಿ ಸುಮ್ಮನಿರುವವನಿಗೆ ರೆಫರಿ ಎಚ್ಚರಿಕೆ ಕೊಟ್ಟು, ಆಮೇಲೆ 30 ಸೆಕೆಂಡು ಕೊಡುತ್ತಾರೆ, ಅಷ್ಟರಲ್ಲಿ ಯಾರೂ ಪಾಯಿಂಟ್ ತೆಗೆಯದಿದ್ದರೆ ಎದುರಿನವನಿಗೆ ಒಂದು ಪಾಯಿಂಟ್.

ನನಗೆ ಜಾಸ್ತಿ ಹಿಡಿಸಿದ್ದು ಕಬಡ್ಡಿ. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಸತತವಾಗಿ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರದಿದ್ದರೆ ರೇಡರ್ ಔಟ್. ಅದೇ ಹೊತ್ತಿಗೆ, ಅಂಗಳದಲ್ಲಿ ಮೂರೇ ಜನ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ರೇಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ಹಿಡಿಯುವವರ ಬಲ ಎಲ್ಲೂ ಕಮ್ಮಿ ಮಾಡಿಲ್ಲ ನೋಡಿ, ಇನ್ನೂ ಜಾಸ್ತಿಯೇ ಮಾಡಿದ್ದಾರೆ. ಸಮಯ ತಿನ್ನುವುದಕ್ಕೆ ಮಾತ್ರ ಬೆಲೆ ಕಟ್ಟಿದ್ದಾರೆ.

ಮೊದಲು ಸುಲಭದ ದಾರಿ ಹಿಡಿದು ಎಡವಿದೆವು. ಗಿಲ್ಟಿ ಗಿಯರ್ ಗೇಮುಗಳಲ್ಲಿ ನೆಗೆಟಿವ್ ಪೆನಾಲ್ಟಿ ಅಂತ ಒಂದಿದೆ. ಜಾಸ್ತಿ ಹೊತ್ತು ತಪ್ಪಿಸಿಕೊಂಡು ತಿರುಗಿದರೆ ವಿಶೇಷ ಏಟುಗಳಿಗೆ ಅಂತ ಕೂಡಿಟ್ಟ ಶಕ್ತಿಯನ್ನೇ, ಅಂದರೆ ಟೆನ್ಶನ್ ಗೇಜನ್ನೇ, ಕಿತ್ತುಕೊಳ್ಳುತ್ತದೆ. ಅದನ್ನು ನಮ್ಮ ಥರ ಮಾಡಿಕೊಂಡು, ನಾಲ್ಕು ಸೆಕೆಂಡು ಹಿಂದೆ ಸರಿದರೆ ಶಿಕ್ಷೆ ಅಂತ ಹಾಕಿದೆವು. ಒಂದೇ ಸಂಜೆಗೆ ತೆಗೆಯಬೇಕಾಯಿತು. ಕವಣೆ ಹುಡುಗಿಯ ಕೆಲಸವೇ ದೂರ ಇರುವುದು, ಕಲ್ಲು ಬೀಸುತ್ತಾ ಹಿಂದೆ ಸರಿಯುವುದು. ಅವಳು ಸರಿಯಾಗಿ ಆಡಿದಾಗಲೆಲ್ಲ ಗೇಮ್ ಅವಳನ್ನೇ ಬೈಯುತ್ತಿತ್ತು.

ಆಮೇಲೆ ಬಂದದ್ದು ಗೇಜು, ಅಂದರೆ ಶಕ್ತಿಯ ಅಳತೆಪಟ್ಟಿ. ಲೈಫಿನ ಕೆಳಗೆ ಮೂರು ಗೀಟು. ಪ್ಯಾರಿ ಒತ್ತಿದರೆ ಒಂದು ಹೋಗುತ್ತದೆ, ಸರಿಯಾಗಿ ಬಿದ್ದರೆ ಅದು ವಾಪಸ್. ಬ್ಲಾಕ್ ಮಾಡಿದರೂ ಸ್ವಲ್ಪ ಸ್ವಲ್ಪ ಸೋರುತ್ತದೆ. ತುಂಬಿಕೊಳ್ಳಬೇಕೆಂದರೆ ಎದುರಿನವನ ಕಡೆ ನಡೆಯಬೇಕು, ಎರಡು ಸೆಕೆಂಡಿಗೆ ಒಂದು ಗೀಟು, ಇಲ್ಲಾ ಏಟು ಹಾಕಬೇಕು. ಕವಣೆ ಹುಡುಗಿಯ ಕಲ್ಲು ಎದುರಿನವನ ಬ್ಲಾಕಿಗೆ ಬಡಿದರೂ ಅರ್ಧ ಗೀಟು ಸಿಗುತ್ತದೆ, ಅವಳ ಹೊಟ್ಟೆಪಾಡಿಗೆ. ನಿಂತರೆ, ಹಿಂದೆ ಸರಿದರೆ ಏನೂ ಇಲ್ಲ. ಮೂರೂ ಖಾಲಿಯಾದರೆ ಪ್ಯಾರಿ ಬಂದ್, ಬ್ಲಾಕ್ ಮಾಡಿದ ಏಟಿನ ಕಾಲು ಭಾಗ ಲೈಫಿನಿಂದಲೇ ಸೋರುತ್ತದೆ. ಸ್ಟ್ರೀಟ್ ಫೈಟರ್ 6ನ ಆರು ಗೀಟಿನ ಡ್ರೈವ್ ಗೇಜ್ ಮತ್ತು ಅದು ಖಾಲಿಯಾದಾಗ ಬರುವ ಬರ್ನ್‌ಔಟ್ ಗೊತ್ತಿರುವವರಿಗೆ ಇದು ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. ಮುಂದೆ ನಡೆದರೆ ತುಂಬುತ್ತದೆ ಅನ್ನೋದಕ್ಕೆ ಇಷ್ಟು ತೂಕ ಕೊಟ್ಟಿದ್ದು ಮಾತ್ರ ಗೋಕಾಕದವನ ಪ್ರಶ್ನೆಗೆ ಉತ್ತರ. ಮುಂದೆ ಹೋದರೆ ಏನು ಸಿಗುತ್ತದೆ? ಇದು.

ನಡುವೆ ಇನ್ನೊಂದು ತಮಾಷೆ. ಲಾಠಿ ಅಜ್ಜ ಮೇಲಿಂದ ಬೀಸುವ ಏಟು ತಾಗೋಕೆ 22 ಫ್ರೇಮು ಬೇಕು, ನೋಡಿ ತಡೆಯೋಕೆ ಆಗಲಿ ಅಂತಲೇ ನಿಧಾನ ಇಟ್ಟಿದ್ದೆವು. ಆದರೂ ಯಾರೂ ನೋಡಿ ತಡೆಯುತ್ತಿರಲಿಲ್ಲ, ಅಂದಾಜಿನ ಮೇಲೆ ಒತ್ತುತ್ತಿದ್ದರು. ಒಂದು ದಿನ ನನ್ನ ಹೆಬ್ಬೆರಳು ಮತ್ತು ಟಿವಿ ಎರಡನ್ನೂ ಫೋನಿನ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಹಿಡಿದು ಎಣಿಸಿದೆವು. ಬಟನ್ ಒತ್ತಿದ ಮೇಲೆ ಟಿವಿಯಲ್ಲಿ ಬೊಂಬೆ ಅಲುಗಾಡೋಕೆ ಗೇಮಿನ 11 ಫ್ರೇಮು ಬೇಕಾಗಿತ್ತು. ಗೆಳೆಯನ ಮಾನಿಟರಿಗೆ 5. ಮನುಷ್ಯ ಕಣ್ಣಿಂದ ನೋಡಿ ಬೆರಳು ಒತ್ತೋಕೆ ಕಾಲು ಸೆಕೆಂಡು, ಅಂದರೆ 15 ಫ್ರೇಮು ಹಿಡಿಯಿರಿ. ಟಿವಿಯಲ್ಲಿ 26 ಆಯಿತು, 22 ಫ್ರೇಮಿನ ಏಟು ಅಷ್ಟರಲ್ಲಿ ತಲೆಗೆ ಬಿದ್ದಿರುತ್ತದೆ. ಮಾನಿಟರಿನಲ್ಲಿ 20, ತಡೆಯಬಹುದು. ಚಿತ್ರ ತಡವಾಗದಂತೆ ನೋಡಿಕೊಳ್ಳುವ ಟಿವಿಯ ಗೇಮ್ ಮೋಡ್ ಆಫ್ ಇತ್ತು! ಮೂರು ವಾರ ಹುಡುಗರು ಒತ್ತಿದ ಪ್ಯಾರಿಯಲ್ಲಿ ಎಷ್ಟು ಜಾಣತನ, ಎಷ್ಟು ಜೂಜು ಅಂತ ಈಗ ಯಾರು ಹೇಳ್ತಾರೆ? ನಾಲ್ಕನೇ ಭಾನುವಾರಕ್ಕೆ ಮಾನಿಟರ್ ತಂದಿಟ್ಟೆವು. ಗೇಮ್ ಬ್ಯಾಲೆನ್ಸ್ ಮಾಡೋಕೆ ಹೊರಟವರು ಯಾರೇ ಇರಲಿ, ಮೊದಲು ಟಿವಿಯ ಸೆಟ್ಟಿಂಗ್ ನೋಡಿ ಮಾರಾಯ್ರೆ.

ನಾಲ್ಕನೇ ಭಾನುವಾರ 28ರಲ್ಲಿ 3 ಮ್ಯಾಚಿನಲ್ಲಿ ಮಾತ್ರ ಗಡಿಯಾರ ಮುಗಿಯಿತು. ಗೆದ್ದವನು? ಅದೇ ಗೋಕಾಕದವನು. ಗೆಳೆಯ ಇದನ್ನು ನಮ್ಮ ಸೋಲು ಅಂದುಕೊಂಡ, ನಾಲ್ಕು ವಾರ ಕೆಲಸ ಮಾಡಿದರೂ ಅವನೇ ಗೆಲ್ತಾನಲ್ಲ ಅಂತ. ನನಗೆ ಹಾಗೆ ಅನ್ನಿಸಲಿಲ್ಲ. ಅವನನ್ನು ಸೋಲಿಸುವುದು ನಮ್ಮ ಕೆಲಸ ಆಗಿರಲಿಲ್ಲ, ಎಲ್ಲರಿಗಿಂತ ಚೆನ್ನಾಗಿ ಆಡುವವನು ಗೆಲ್ಲಲಿ ಬಿಡಿ.

ಫೈನಲ್‌ನ ಕೊನೇ ರೌಂಡಿನಲ್ಲಿ ಅವನ ಗೇಜು ಖಾಲಿ, ಲೈಫು 60 ಚಿಲ್ಲರೆ, ಎದುರಿಗೆ ಲಾಠಿ ಅಜ್ಜ. ಬ್ಲಾಕ್ ಮಾಡುತ್ತಾ ಕೂತರೆ ಸೋರಿ ಸಾಯುತ್ತಾನೆ. ಅವನು ಮುಂದೆ ನಡೆದ. ಏಟಿಗೆ ಒಂದಿಷ್ಟೇ ದೂರದಲ್ಲಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಮತ್ತೆ ಮುಂದೆ, ಒಂದು ಗೀಟು ತುಂಬುವವರೆಗೆ. ಅಜ್ಜ ಲಾಠಿ ಎತ್ತಿದ. ಪ್ಯಾರಿ ಬಿತ್ತು. ಮಿರ್ಚಿ ತರೋಕೆ ಹೋಗುತ್ತಿದ್ದವನು ಬಾಗಿಲಲ್ಲೇ ನಿಂತು ಕೂಗಿದ, ಕೆಳಗೆ ಲೇತ್ ಆಫ್ ಮಾಡಿ ಮಾಮಾ ಏನಾತಲೇ ಅಂತ ಮೇಲೆ ಓಡಿ ಬಂದ.

ಉಳಿದ ಕೆಲಸ ಇದೆ. ಮನೆಗೆ ಹೋಗುವಾಗ ಗೋಕಾಕದವನು ಚಪ್ಪಲಿ ಹಾಕಿಕೊಳ್ಳುತ್ತಾ, "ಅಣ್ಣಾ, ಪೈಲ್ವಾನನ ಥ್ರೋ ಭಾಳ ದೂರದಿಂದ ಹಿಡೀತೈತಿ ನೋಡ್ರಿ" ಅಂದ. ನೋಡಿದರೆ ನಿಜ. ಎಲ್ಲರೂ ಪ್ಯಾರಿ ಒತ್ತುತ್ತಾ ನಿಲ್ಲುತ್ತಿದ್ದಾಗ ಪೈಲ್ವಾನನಿಗೆ ಏನಾದರೂ ಗತಿ ಇರಲಿ ಅಂತ ಥ್ರೋ ದೂರ ಜಾಸ್ತಿ ಇಟ್ಟಿದ್ದೆವು, ಈಗ ಎಲ್ಲರೂ ತಾವಾಗಿಯೇ ಅವನ ಕೈಗೆ ನಡೆದು ಬರುತ್ತಿದ್ದಾರೆ. ಈ ವಾರ ಅದನ್ನು ಅಳೆಯುತ್ತಾ ಕೂತಿದ್ದೇವೆ.